ಪಕ್ಕದ ಕುರ್ಚಿಯವನ ಹೆಸರು

ನಿಮ್ಮ ಎರಡೂ ಕಿಡ್ನಿಗಳು ಹೋಗಿವೆ ಎಂದು ಹೇಳಿದ ಡಾಕ್ಟರರಿಗೆ ನಾನು ಕೊಟ್ಟ ಮೊದಲ ಉತ್ತರ "ಥ್ಯಾಂಕ್ಯೂ ಡಾಕ್ಟರ್". ಕಾನ್ವೆಂಟಿನಲ್ಲಿ ಕಲಿತವರ ಹಣೆಬರಹ ಅದು. ಯಾರು ಏನು ಕೊಟ್ಟರೂ ಮೊದಲು ಥ್ಯಾಂಕ್ಯೂ ಅನ್ನಬೇಕು, ಕೊಟ್ಟದ್ದೇನು ಎಂದು ಆಮೇಲೆ ನೋಡಬೇಕು. ಹೊರಗೆ ಬಂದು ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ಮೇಲೆ ಕೊಟ್ಟದ್ದೇನು ಎಂದು ನೋಡಿದೆ. ಮಗಳು ಲವೀನಾ ಪಾರ್ಕಿಂಗ್ ಟಿಕೆಟಿನ ಹೊತ್ತು ಮೀರಿತೆಂದು ಓಡಿದ್ದಳು. ಅವಳು ತಿರುಗಿ ಬರುವಷ್ಟರಲ್ಲಿ ಮುಖ ಸರಿಮಾಡಿಕೊಂಡೆ.

ಅವು ತೊಂಬತ್ತರ ದಶಕದ ಕೊನೆಯ ವರ್ಷಗಳು. ನನ್ನ ಗಂಡ ಫೀಲಿಕ್ಸ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಲಂಡನ್ನಿನ ಅಂಚಿನ ಕೆಂಟನ್ನಿನಲ್ಲಿ, ಮೊದಲ ಮಹಡಿಯ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ಲವೀನಾ ಗಂಡ ಮಕ್ಕಳೊಂದಿಗೆ ಎಜ್‌ವೇರ್‌ನಲ್ಲಿ. ನಾನು ಯಾವ ಭಾಷೆಯಲ್ಲಿ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲಿ. ಆ ದಿನ ಕಾರಿನಲ್ಲಿ ಸ್ಟೀರಿಂಗ್ ಬಿಡದೆ, ನನ್ನ ಕಡೆ ನೋಡದೆ ಹೇಳಿದಳು: "ಮಮ್ಮಿ, ಐ ಹ್ಯಾವ್ ಟೂ."

"ನಿನಗೆ ಮಕ್ಕಳೂ ಎರಡಿವೆ" ಅಂದೆ.

ಅವಳು ಆಮೇಲೂ ಮೂರು ನಾಲ್ಕು ಸಲ ಕೇಳಿದಳು. ನಾನು ಬೇಡವೆಂದೆ. ಕೊನೆಗೆ ನನ್ನ ಬೇಡವನ್ನು ಎಲ್ಲರೂ ಒಪ್ಪಿಕೊಂಡರು. ಅಳಿಯ ಆ ಸಂಜೆ ನನಗೆ ಎರಡೆರಡು ಸಲ ಟೀ ಮಾಡಿಕೊಟ್ಟ.

ಡಯಾಲಿಸಿಸ್ ಎಂದರೆ ಏನು ಎಂಬುದಕ್ಕೆ ಆಸ್ಪತ್ರೆಯವರು ಬಣ್ಣದ ಪುಸ್ತಿಕೆ ಕೊಡುತ್ತಾರೆ. ಅದರ ಮುಖಪುಟದ ಹೆಂಗಸು ತೋಳಿಗೆ ಸೂಜಿ ಚುಚ್ಚಿಸಿಕೊಂಡೂ ನಗುತ್ತಿರುತ್ತಾಳೆ. ಅಂಥವಳನ್ನು ನಾನು ಇದುವರೆಗೆ ಕಂಡಿಲ್ಲ. ಪುಸ್ತಿಕೆಯಲ್ಲಿ ಇಲ್ಲದ್ದನ್ನು ಬರೆಯಬೇಕೆಂದು ಬಹಳ ದಿನದಿಂದ ಇತ್ತು. ಕೊಂಕಣಿಯಲ್ಲಿ ಬರೆಯಲು ಕುಳಿತರೆ ಅಳು ಬರುತ್ತದೆ, ಇಂಗ್ಲಿಷಿನಲ್ಲಿ ಬರೆದರೆ ಮತ್ತೆ ಥ್ಯಾಂಕ್ಯೂ ಬರುತ್ತದೆ. ಕನ್ನಡ ನನಗೆ ವಾರಪತ್ರಿಕೆಯ ಧಾರಾವಾಹಿಯ ಭಾಷೆ, ಬೇರೆಯವರ ಕಷ್ಟವನ್ನು ಓದಿದ ಭಾಷೆ. ಹಾಗಾಗಿ ಇದರಲ್ಲಿ.

ಬಾಯಾರಿಕೆಯ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ದಿನಕ್ಕೆ ಇಷ್ಟೇ ನೀರು ಎಂದು ಅಳೆದುಕೊಟ್ಟ ಮೇಲೆ ಮನುಷ್ಯರಿಗೆ ಬೇರೆ ಯಾವ ಆಸೆಯೂ ಉಳಿಯುವುದಿಲ್ಲ. ಮಂಗಳೂರಿನವಳು ನಾನು, ನೀರಿನ ವಿಷಯ ಯೋಚಿಸಿ ಗೊತ್ತಿದ್ದವಳಲ್ಲ. ಈಗ ಒಂದು ಐಸ್ ತುಂಡನ್ನು ನಾಲಿಗೆಯ ಮೇಲಿಟ್ಟುಕೊಂಡು ಅದು ಕರಗದಿರಲಿ ಎಂದು ಒಂದು ಜಪಸರದಷ್ಟು ಹೊತ್ತು ಬಾಯಿ ಮುಚ್ಚಿ ಕೂರುತ್ತಿದ್ದೆ. ಎಳನೀರು ಬಿಟ್ಟೆ, ಬಾಳೆಹಣ್ಣು ಬಿಟ್ಟೆ, ಸಾರು ಬಿಟ್ಟೆ. ಪೊಟ್ಯಾಸಿಯಂ ಹೋಗಲೆಂದು ಬಟಾಟೆಯನ್ನು ಎರಡು ಸಲ ಬೇಯಿಸಿ ಎರಡು ಸಲ ನೀರು ಚೆಲ್ಲಿ ತಿನ್ನಬೇಕು. ಅದು ಬಟಾಟೆಯಲ್ಲ, ಬಟಾಟೆಯ ಶವ.

ಕೆಳಗಿನ ಫ್ಲ್ಯಾಟಿನಲ್ಲಿ ಶಾಂತಾಬಾಯಿ ಇದ್ದರು, ಧಾರವಾಡದವರು. ನನ್ನ ಊಟ ನೋಡಿ ಹೇಳುತ್ತಿದ್ದರು: "ನಿಮ್ಮ ಯೇಸು ನಲವತ್ತ ದಿನಾ ಉಪಾಸ ಮಾಡಿ ಎದ್ದ ನೋರಾಬಾಯಿ. ನೀವು ಅವನ್ನೂ ಮೀರಸ್ತೀರಿ ಬಿಡ್ರಿ."

ನನ್ನ ಪಾಳಿ ಮಂಗಳವಾರ, ಗುರುವಾರ, ಶನಿವಾರ. ಆಸ್ಪತ್ರೆಯ ಮಿನಿಬಸ್ ಬೆಳಿಗ್ಗೆ ಮನೆಮನೆಗೆ ಬಂದು ನಮ್ಮನ್ನು ಒಟ್ಟುಮಾಡಿಕೊಂಡು ಹೋಗುತ್ತಿತ್ತು. ಮೊದಲು ತೂಕ. ಎರಡು ದಿನದಲ್ಲಿ ಕುಡಿದ ನೀರೆಲ್ಲ ಆ ತಕ್ಕಡಿಯಲ್ಲಿ ಕಾಣುತ್ತದೆ, ಪಾಪನಿವೇದನೆಗಿಂತ ಕರಾರುವಾಕ್ಕು. ಆಮೇಲೆ ನಾಲ್ಕು ಗಂಟೆ ಕುರ್ಚಿ. ನನ್ನದು ಕಿಟಕಿಯ ಪಕ್ಕದ ಕುರ್ಚಿ. ಅದರ ಪಕ್ಕದ್ದು ಟಾಮ್‌ನದು.

ಟಾಮ್ ಎಪ್ಪತ್ತರ ಹತ್ತಿರದ ಐರಿಶ್ ಗಂಡಸು. ಐವತ್ತರ ದಶಕದಲ್ಲಿ ಹಡಗು ಹತ್ತಿ ಬಂದು ಲಂಡನ್ನಿನ ಸುರಂಗ, ರಸ್ತೆ, ಕೇಬಲ್ ಗುಂಡಿಗಳನ್ನು ಅಗೆದವನು. ಕೈಗಳು ಈಗಲೂ ಸಲಿಕೆಯಷ್ಟು ಅಗಲ, ಮೈ ಮಾತ್ರ ಬೇರೆ ಯಾರದೋ ಎಂಬಂತೆ ಕುಗ್ಗಿತ್ತು. ಮೊದಲ ವಾರ ಅವನು ಮಾತೇ ಆಡಲಿಲ್ಲ. ಎರಡನೆಯ ವಾರ ನರ್ಸ್ ಗ್ರೇಸ್ ನನ್ನ ವಿಳಾಸ ಬರೆದುಕೊಳ್ಳುವಾಗ ಹ್ಯಾರೋ ಎಂಬುದನ್ನು ಅಕ್ಷರ ಬಿಡಿಸಿ ಹೇಳಿದೆ: ಹೇಯ್ಚ್, ಎ, ಡಬಲ್ ಆರ್. ಇಂಗ್ಲಿಷರು ಆ ಮೊದಲ ಅಕ್ಷರವನ್ನು ಏಯ್ಚ್ ಅನ್ನುತ್ತಾರೆ. ಉಸಿರು ಸೇರಿಸಿ ಹೇಳುವವರು ಐರಿಶರು.

ಟಾಮ್ ತಲೆ ಹೊರಳಿಸಿದ. ಅವನ ಇಂಗ್ಲಿಷನ್ನು ಬರೆಯುವಾಗ ನನಗೆ ಮಂಗಳೂರಿನ ಕನ್ನಡವೇ ಬರುತ್ತದೆ, ಅವನ ಮಾತಿನ ಎಳೆತ ಹಾಗೇ ಇತ್ತು.

"ಆ ಹೇಯ್ಚ್ ಎಲ್ಲಿಂದ ಕದ್ದದ್ದು ಮಾರಾಯ್ತಿ?"

"ಸಿಸ್ಟರ್ ಕಾಲಂಬಾ ಅಂತ ಇದ್ದರು. ನಮ್ಮ ಕಾನ್ವೆಂಟಿನಲ್ಲಿ. ಊರು ನಿಮ್ಮ ಕಾರ್ಕ್."

"ಕಾರ್ಕಾ? ಹಾಗಾದ್ರೆ ಪೆಟ್ಟು ಬಿದ್ದಿರಬೇಕು."

"ಬಿದ್ದಿತ್ತು. ಅಡಿಕೋಲಿನಲ್ಲಿ."

"ನಮಗೆ ಬೆಲ್ಟಿನಲ್ಲಿ" ಅಂದ. ಅಂದಿನಿಂದ ನಮಗೆ ಮಾತು ಕೂಡಿತು.

ಏನು ಮಾತು? ಮುದುಕರ ಮಾತು. ಟಿವಿಯಲ್ಲಿ ಕುದುರೆ ಓಟ ಬಂದರೆ ಯಾವ ಕುದುರೆ ಗೆಲ್ಲುತ್ತದೆ ಎಂದು ಅವನು ಹೇಳುತ್ತಿದ್ದ, ಅದು ಸೋಲುತ್ತಿತ್ತು. ಸಿಸ್ಟರ್ ಕಾಲಂಬಾ ಕಲಿಸಿದ ಪ್ರಾರ್ಥನೆಗಳಲ್ಲಿ ಯಾವುದು ಅವನಿಗೂ ಗೊತ್ತಿದೆ ಎಂದು ನೋಡುತ್ತಿದ್ದೆವು. ಒಂದರ ಕೊನೆಯ ಸಾಲು ಅವನಿಗೆ ಮರೆತಿತ್ತು, ಮೊದಲ ಸಾಲು ನನಗೆ. ಸೂಜಿ ಎಳೆದು ರಕ್ತ ನಿಲ್ಲುವವರೆಗೆ ಹತ್ತಿ ಒತ್ತಿ ಕೂರುವ ಹೊತ್ತಿನಲ್ಲಿ ಅಷ್ಟು ಮಾತು ಸಿಕ್ಕಿದ್ದು ಸಣ್ಣ ಉಪಕಾರವಲ್ಲ. ಹೊಸದಾಗಿ ಡಯಾಲಿಸಿಸ್‌ಗೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಮಷೀನನ್ನು ನೋಡಬೇಡಿ, ಪಕ್ಕದ ಕುರ್ಚಿಯವರನ್ನು ನೋಡಿ.

ಅದೇ ಚಳಿಗಾಲ ಆಸ್ಪತ್ರೆಯ ಸೋಶಿಯಲ್ ವರ್ಕರ್ ಫೋನ್ ಮಾಡಿದಳು. ಒಂಟಿಯಾಗಿರುವ ರೋಗಿಗಳ ಪಟ್ಟಿ ಮಾಡುತ್ತಿದ್ದಳಂತೆ. ಹೆಸರು ಕೇಳಿದಳು, ನೋರಾ ಕ್ಯಾಸ್ತೆಲಿನೊ ಅಂದೆ. ಗಂಡ? "ಗಾಡ್ ರೆಸ್ಟ್ ಹಿಮ್, ಫೋರ್ ಇಯರ್ಸ್ ನೌ." ಹೇಗಿದ್ದೀರಿ? "ಗ್ರ್ಯಾಂಡ್, ಥ್ಯಾಂಕ್ಸ್ ಬಿ ಟು ಗಾಡ್." ಭಾನುವಾರ ಎಲ್ಲಿಗಾದರೂ ಹೋಗುತ್ತೀರಾ? ಪೂಜೆಗೆ, ಅಂದರೆ ಮಾಸ್‌ಗೆ. ಎಲ್ಲ ಸಿಸ್ಟರ್ ಕಾಲಂಬಾ ಕಲಿಸಿದ ಇಂಗ್ಲಿಷು. ಕೀಲಿಮಣೆ ಟಕಟಕ ಅಂದಿತು. ಅವಳು ಯಾವ ಪೆಟ್ಟಿಗೆಯಲ್ಲಿ ಟಿಕ್ ಹಾಕುತ್ತಿದ್ದಾಳೆ ಎಂದು ಫೋನಿನಲ್ಲಿ ಕಾಣುವುದಿಲ್ಲವಲ್ಲ.

ಎರಡು ವಾರದ ನಂತರ ಒಂದು ಸೋಮವಾರ ಬಾಗಿಲ ಗಂಟೆ ಸದ್ದು ಮಾಡಿತು. ನಾನು ನೈಟಿಯ ಮೇಲೆ ಫೀಲಿಕ್ಸ್‌ನ ಕಾರ್ಡಿಗನ್ ಹಾಕಿಕೊಂಡಿದ್ದೆ. ಹೊರಗೆ ನಲವತ್ತು ನಲವತ್ತೈದರ ಹೆಂಗಸು, ಕೆಂಪು ಕೂದಲು, ಕೈಯಲ್ಲಿ ಫೈಲು.

"ಮಿಸೆಸ್ ಕಾಸ್ಟೆಲ್ಲೊ ಮನೆಯಲ್ಲಿ ಇದ್ದಾರಾ?"

"ಇಲ್ಲಿ ಕ್ಯಾಸ್ತೆಲಿನೊ ಇದ್ದಾಳೆ. ನಾನೇ."

ಅವಳು ಫೈಲು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಫೈಲು ನೋಡಿದಳು. "ನೋರಾ. ಡಯಾಲಿಸಿಸ್. ವಿಧವೆ. ಕ್ಯಾಥಲಿಕ್. ಎಲ್ಲ ಸರಿ ಇದೆ" ಅಂದಳು. "ಒಂದೇ ಒಂದು ಸರಿ ಇಲ್ಲ."

"ಮೆಟ್ಟಿಲು ಹತ್ತಿ ಬಂದಿದ್ದೀರಿ, ಟೀ ಕುಡಿದು ಹೋಗಿ" ಅಂದೆ.

ಅವಳ ಹೆಸರು ಊನಾ. ನಮ್ಮ ಭಾಷೆಯಲ್ಲಿ ಊನ ಎಂದರೆ ಕೊರತೆ ಎಂದೆ. "ನಮ್ಮ ಆಫೀಸಿನವರೂ ಅದನ್ನೇ ಹೇಳುತ್ತಾರೆ" ಅಂದಳು. ವಾಯವ್ಯ ಲಂಡನ್ನಿನ ಒಂದು ಐರಿಶ್ ಸೆಂಟರಿನವಳು. ಕಾಸ್ಟೆಲ್ಲೊ ಐರಿಶರ ಹೆಸರಂತೆ. ಊರು ಬಿಟ್ಟು ಇಲ್ಲಿ ದುಡಿದು ಮುದುಕರಾಗಿ, ಯಾರೂ ಇಲ್ಲದೆ ಬಾಡಿಗೆ ಕೋಣೆಗಳಲ್ಲಿ ಉಳಿದುಹೋದ ಐರಿಶರನ್ನು ಹುಡುಕಿಕೊಂಡು ಹೋಗುವುದು ಅವಳ ಕೆಲಸ. ಫಾರ್ಮು ತುಂಬಿಸಿಕೊಡುತ್ತಾಳೆ, ಮನೆ ಕೊಡಿಸುತ್ತಾಳೆ, ವಾರಕ್ಕೊಮ್ಮೆ ಬಿಸಿ ಊಟಕ್ಕೆ ಕರೆತರುತ್ತಾಳೆ, ಊರಿಗೆ ಮರಳಬೇಕು ಎಂದವರಿಗೆ ದಾರಿ ಮಾಡಿಕೊಡುತ್ತಾಳೆ. ಅವಳ ಸಂಬಳ ಬರುವುದು ಡಬ್ಲಿನ್ನಿನ ಸರಕಾರ ಕೊಡುವ ಗ್ರಾಂಟಿನಿಂದ.

ನಾನು ಟೀ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಿದ್ದೆ. ಊರು ಬಿಟ್ಟು ಹೋದವರನ್ನು ಸರಕಾರವೊಂದು ಹುಡುಕುತ್ತದೆ ಎಂಬುದು ನನಗೆ ಹೊಸದು. ಊರಿನವರು ನಮ್ಮನ್ನು ನೆನೆಯುವುದು ಇಗರ್ಜಿಯ ಛಾವಣಿ ಸೋರಿ ಚಂದಾ ಬೇಕಾದಾಗ.

"ನಿಮ್ಮ ಹೆಸರನ್ನು ಹೊಡೆದುಹಾಕಬೇಕಾಗುತ್ತದೆ ನೋರಾ. ಬೇಜಾರಿನ ವಿಷಯ."

"ಹೊಡೆದುಹಾಕಿ. ಆದರೆ ಆ ಜಾಗದಲ್ಲಿ ಇನ್ನೊಬ್ಬನನ್ನು ಬರೆದುಕೊಳ್ಳಿ. ನೀವು ಹುಡುಕುತ್ತಿರುವವನು ನನ್ನ ಪಕ್ಕದ ಕುರ್ಚಿಯಲ್ಲಿದ್ದಾನೆ."

ಟಾಮ್‌ನ ಸ್ಥಿತಿ ನನಗೆ ಗೊತ್ತಿತ್ತು. ಅವನ ಕೋಣೆ ಕ್ರಿಕಲ್‌ವುಡ್‌ನ ಒಂದು ಹಳೆಯ ಮನೆಯ ನಾಲ್ಕನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಕಾಲಿನಲ್ಲಿ ಶಕ್ತಿ ಹೋದ ಮೇಲೆ ಅವನು ಮೆಟ್ಟಿಲ ಮೇಲೆ ಕುಳಿತು, ಒಂದೊಂದೇ ಮೆಟ್ಟಿಲು ಕೆಳಗೆ ಜಾರುತ್ತ ಬರುತ್ತಿದ್ದ. ಮಿನಿಬಸ್ಸಿನವರು ಕೆಳಗೆ ಗಂಟೆ ಒತ್ತಿ ಐದು ನಿಮಿಷ ಕಾಯುತ್ತಿದ್ದರು. ಒಳಗೆ ನಮ್ಮಂಥವರು ಆರು ಜನ ಕಾಯುತ್ತಿರುವಾಗ ಅದಕ್ಕಿಂತ ಹೆಚ್ಚು ಕಾಯುವ ಹಾಗಿರಲಿಲ್ಲ. ಹೀಗೆ ಅವನಿಗೆ ಆಗಾಗ ಡಯಾಲಿಸಿಸ್ ತಪ್ಪತೊಡಗಿತ್ತು. ತಪ್ಪಿದರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದು ಕಾಲು ಒತ್ತಿ ನೋಡುತ್ತೇವೆ, ಬೆರಳು ಎಷ್ಟು ಆಳ ಇಳಿಯುತ್ತದೆ ಎಂದು.

ಗುರುವಾರ ಊನಾ ವಾರ್ಡಿಗೆ ಬಂದಳು. ಟಾಮ್ ಅವಳ ಬ್ಯಾಡ್ಜನ್ನು ಓದಿದ.

"ದುಡ್ಡು ಯಾರದು?"

"ಡಬ್ಲಿನ್ನಿನದು."

"ನಾನು ಹಡಗು ಹತ್ತಿದ ದಿವಸ ಆ ಸರಕಾರದವರು ಯಾರೂ ಬಂದದ್ದು ಕಾಣಲಿಲ್ಲ. ಈಗ ಇಳಿಯುವ ಹೊತ್ತಿಗೆ ಕಳಿಸಿದ್ದಾರಾ?"

"ತಡವಾಗಿದೆ, ಒಪ್ಪಿದೆ" ಅಂದಳು ಊನಾ. "ಬೈದ ಮೇಲೆ ಒಂದು ಸಹಿ ಹಾಕಿ."

ಅವನು ಸಹಿ ಹಾಕಲಿಲ್ಲ. ಆದರೆ ಬರಬೇಡ ಎಂದೂ ಅನ್ನಲಿಲ್ಲ. ಅವಳು ತರುವ ಊರಿನ ಪತ್ರಿಕೆಯನ್ನು ನನ್ನ ಟೇಬಲ್ಲಿನ ಮೇಲೆ ಇಡಿಸಿಕೊಂಡು, ಅವಳು ಹೋದ ಮೇಲೆ ಕೇಳಿ ಪಡೆದು ಓದುತ್ತಿದ್ದ.

ಸರಕಾರಿ ಮನೆ ಹಂಚುವ ಕೌನ್ಸಿಲ್‌ನವರು ಅವನಿಗೆ ನೆಲಮಹಡಿಯ ಫ್ಲ್ಯಾಟ್ ಕೊಡಲು ತಯಾರಿದ್ದರು. ಅವರಿಗೆ ಬೇಕಾದದ್ದು ಅವನು ಯಾರು ಎಂಬುದಕ್ಕೆ ಒಂದು ಕಾಗದ. ಅವನ ಬಳಿ ಏನೂ ಇರಲಿಲ್ಲ. ಜನನ ಪ್ರಮಾಣಪತ್ರ ತರಿಸಿಕೊಡುತ್ತೇನೆ ಎಂದು ಊನಾ ಐರ್ಲೆಂಡಿಗೆ ಬರೆದಳು. ತಿಂಗಳ ಮೇಲೆ ನನ್ನ ಅಡುಗೆಮನೆಗೆ ಬಂದು ಕುಳಿತಳು.

"ಆ ಹೆಸರಿನವನು, ಆ ವಯಸ್ಸಿನವನು ಹುಟ್ಟಿಯೇ ಇಲ್ಲ ನೋರಾ."

"ಮತ್ತೆ ನನ್ನ ಪಕ್ಕ ಕೂರುವವನು ಯಾರು?"

"ಅಗೆಯುವ ಕೆಲಸದ ಸೈಟುಗಳಲ್ಲಿ ಹಾಗೆ. ಮೇಸ್ತ್ರಿ ದಿನಗೂಲಿ ಕೈಗೆ ಕೊಡುತ್ತಿದ್ದ, ನಿಜ ಹೆಸರು ಹೇಳಬೇಕೆಂದು ಇರಲಿಲ್ಲ. ಒಬ್ಬೊಬ್ಬರಿಗೆ ಮೂರು ಹೆಸರು. ಕೊನೆಗೆ ಒಂದು ಅಂಟಿಕೊಳ್ಳುತ್ತದೆ. ಅವನ ನಿಜವಾದ ಹೆಸರು ಸಿಕ್ಕರೆ ಎರಡು ವಾರದ ಕೆಲಸ. ಸಿಗದಿದ್ದರೆ ಆ ಮೆಟ್ಟಿಲೇ ಅವನನ್ನು ಕೊಲ್ಲುತ್ತದೆ."

ಅವಳು ಕೇಳಿದಾಗ ಟಾಮ್ ಗೋಡೆಯ ಕಡೆ ತಿರುಗಿಕೊಂಡನಂತೆ.

ಅದಾದ ಕೆಲವು ದಿನಕ್ಕೆ ನನಗೆ ಕುರ್ಚಿಯಲ್ಲಿಯೇ ಪ್ರೆಷರ್ ಇಳಿಯಿತು. ಮೊದಲು ಆಕಳಿಕೆ ಬರುತ್ತದೆ, ಆಮೇಲೆ ಸದ್ದುಗಳು ದೂರ ಹೋಗುತ್ತವೆ. ಮೀನಖಂಡ ಕಲ್ಲಾಗುತ್ತದೆ. ನೋವಿನ ಹೆಸರಾಗಿ ನನ್ನ ಬಾಯಿಗೆ ಬಂದದ್ದು ತಾಯಿಯ ಹೆಸರು, ಅವರು ಸತ್ತು ಮೂವತ್ತು ವರ್ಷ. ಗ್ರೇಸ್ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಕಾಲು ಮೇಲೆತ್ತಿದಳು, ಟ್ಯೂಬಿನಲ್ಲಿ ಉಪ್ಪುನೀರು ಬಿಟ್ಟಳು. ನಾನು ಕಣ್ಣು ತೆರೆದಾಗ ಟಾಮ್ ತನ್ನ ಕುರ್ಚಿಯಿಂದ ಆದಷ್ಟು ಈ ಕಡೆ ಬಾಗಿದ್ದ.

"ಹೋದಿ ಅಂದುಕೊಂಡೆ."

"ನಾನೂ ಅಂದುಕೊಂಡೆ."

ಮತ್ತೆ ಹಿಂದಕ್ಕೆ ಒರಗಿದ. ಆಮೇಲೆ ತಾರಸಿ ನೋಡುತ್ತ, ಬಹಳ ಮೆಲ್ಲಗೆ, ಒಂದು ಹೆಸರು ಹೇಳಿದ. ಹಳ್ಳಿಯ ಹೆಸರು ಹೇಳಿದ. ಐರ್ಲೆಂಡಿನ ಪಶ್ಚಿಮದ ಮೇಯೋ ಕೌಂಟಿ. "ಅದು ನಾನು" ಅಂದ.

ಮನೆಗೆ ಕಾಗದ ಬರೆಯುತ್ತಿದ್ದನಂತೆ, ಕವರಿನಲ್ಲಿ ದುಡ್ಡಿಟ್ಟು ಕಳಿಸುತ್ತಿದ್ದನಂತೆ, ತಾಯಿ ಬದುಕಿರುವವರೆಗೆ. ತಾಯಿ ಹೋದಳೆಂದು ಟೆಲಿಗ್ರಾಂ ಬಂದಾಗ ಇವನು ಕುಡಿದು ಬಿದ್ದಿದ್ದ, ಎಚ್ಚರವಾಗುವಷ್ಟರಲ್ಲಿ ಮಣ್ಣಾಗಿತ್ತು. ತಂಗಿಯೊಬ್ಬಳಿದ್ದಳು. ಅವಳಿಗೆ ಏನೆಂದು ಬರೆಯಬೇಕೆಂದು ತಿಳಿಯದೆ ಒಂದು ವರ್ಷ ಬಿಟ್ಟ. ಒಂದು ವರ್ಷ ಬಿಟ್ಟ ಮೇಲೆ ಬರೆಯುವುದು ಇನ್ನೂ ಕಷ್ಟ.

"ಸತ್ತಿದ್ದೇನೆ ಅಂತ ತಿಳಿದಿರುತ್ತಾಳೆ. ಅದೇ ಒಳ್ಳೆಯದು. ಸತ್ತವರ ಮೇಲೆ ಯಾರಿಗೂ ಸಿಟ್ಟಿಲ್ಲ."

"ನನಗೆ ಯಾಕೆ ಹೇಳಿದ್ದು?"

"ನೀನು ಐರಿಶ್ ಅಲ್ಲವಲ್ಲ. ನೀನು ಯಾರ ಹತ್ತಿರ ಹೇಳ್ತಿ?"

ನಾನು ತಲೆಯಾಡಿಸಿದೆ. ಮಾತು ಕೊಟ್ಟೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ತಲೆಯಾಡಿಸುವುದೂ ಮಾತು ಕೊಡುವುದೇ ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ.

ಮುಂದಿನ ಮಂಗಳವಾರ ಅವನ ಕುರ್ಚಿ ಖಾಲಿ. ಮಿನಿಬಸ್ಸಿನವರು ಗಂಟೆ ಒತ್ತಿ, ಕೂಗಿ, ಹೊರಟರು. ಆ ಮನೆಯ ಮುಂದೆ ನಾನು ಬಸ್ಸಿನ ಗಾಜಿನಿಂದ ಮೇಲೆ ನೋಡಿದೆ. ನಾಲ್ಕನೆಯ ಮಹಡಿಯ ಪರದೆ ಅಲುಗಲಿಲ್ಲ. ಗ್ರೇಸ್ ಗಡಿಯಾರ ನೋಡುತ್ತ ಹೇಳಿದಳು: "ಶನಿವಾರವೂ ಅರ್ಧಕ್ಕೆ ಎದ್ದುಹೋಗಿದ್ದಾರೆ. ಗುರುವಾರವೂ ತಪ್ಪಿದರೆ ಹೃದಯ ತಡೆಯುವುದಿಲ್ಲ."

ಬುಧವಾರ ಶಾಂತಾಬಾಯಿ ಬಟ್ಟೆ ಮಡಿಸುತ್ತ ಕುಳಿತಿದ್ದರು. ಯಾರ ಹೆಸರನ್ನೂ ಹೇಳದೆ ವಿಷಯ ಹೇಳಿದೆ. ಅವರು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಹೆಸರ ಹಿಡಕೊಂಡ ಸಾಯ್ತೀನಿ ಅಂತಾನಂದ್ರ, ಸಾಯಿ ಅಂತೀರೇನ ನೀವು? ಹೇಳಿಬಿಡ್ರಿ."

"ಅವನು ನಂಬಿ ಹೇಳಿದ್ದು ಶಾಂತಾಬಾಯಿ."

"ನಂಬಿದ್ದಕ್ಕ ಅಲ್ಲೇನ ನಿಮಗ ಗೊತ್ತಾಗಿದ್ದು? ನೋಡ್ರಿ, ಹೇಳಿದ ಮ್ಯಾಲೆ ಅಂವಾ ನಿಮ್ಮ ಮಾರಿ ನೋಡಂಗಿಲ್ಲ. ಅಂವಾ ಬದುಕ್ತಾನು, ನಿಮ್ಮ ಪಾಲಿಗೆ ಇರೂದಿಲ್ಲ. ಅಷ್ಟು ತಿಳಕೊಂಡ ಹೇಳ್ರಿ. ಆಮ್ಯಾಲೆ ನನ್ನ ಮುಂದ ಅಳಬ್ಯಾಡ್ರಿ."

ಗುರುವಾರವೂ ಕುರ್ಚಿ ಖಾಲಿಯಿತ್ತು. ಸೂಜಿ ಹಾಕುವ ಮೊದಲು ಗ್ರೇಸ್‌ಗೆ ಹೇಳಿ ಕಾರಿಡಾರಿನ ಫೋನಿನಿಂದ ಊನಾಳಿಗೆ ಕರೆ ಮಾಡಿದೆ. ಹೆಸರು ಹೇಳಿದೆ. ಹಳ್ಳಿ ಹೇಳಿದೆ. ಅಕ್ಷರ ಬಿಡಿಸಿ ಹೇಳಿ ಅಂದಳು, ಬಿಡಿಸಿದೆ. ಆ ಹೆಸರಿನಲ್ಲಿ ಎರಡು ಹೇಯ್ಚ್ ಇದ್ದವು. ರಿಸೀವರ್ ಇಟ್ಟ ಮೇಲೆ ಮತ್ತೆ ತಕ್ಕಡಿ ಹತ್ತಿದಂತೆ ಅನಿಸಿತು, ಈ ಸಲದ ತೂಕವನ್ನು ಯಾವ ಮಷೀನೂ ಇಳಿಸುವುದಿಲ್ಲ.

ಊನಾ ಅದೇ ಹೊತ್ತಿಗೆ ಆಂಬುಲೆನ್ಸ್ ಜೊತೆ ಅವನ ಕೋಣೆಗೆ ಹೋದಳು. ಟಾಮ್ ಎಂದು ಕೂಗಿದರೆ ತೆಗೆಯದವನು ನಿಜವಾದ ಹೆಸರು ಹಿಡಿದು ಕರೆದಾಗ ಚಿಲಕ ತೆಗೆದನಂತೆ. ಶ್ವಾಸಕೋಶದ ತುಂಬ ನೀರು. ಇಬ್ಬರು ಗಂಡಸರು ಕುರ್ಚಿಯಲ್ಲಿ ಕಟ್ಟಿ ಇಳಿಸಿದರು. ಹತ್ತು ದಿನ ಆಸ್ಪತ್ರೆಯಲ್ಲಿದ್ದ. ಪ್ರಮಾಣಪತ್ರ ಬಂತು, ಐರ್ಲೆಂಡಿನ ಮುದ್ರೆ ಒತ್ತಿದ ಒಂದು ಹಾಳೆ. ಕೌನ್ಸಿಲ್‌ನವರು ಒಪ್ಪಿದರು. ಅವನು ಸಹಿ ಹಾಕಿದ.

ನಮ್ಮ ಪಾಳಿಗೆ ಅವನು ಮರಳಿದ ದಿನ ವಾರ್ಡಿನ ಬಿಳಿ ಬೋರ್ಡಿನಲ್ಲಿ ಹೊಸ ಹೆಸರಿತ್ತು. ಅವನನ್ನು ನನ್ನ ಪಕ್ಕ ಕೂರಿಸಿದರು. ಸೂಜಿ ಹಾಕಿ ಗ್ರೇಸ್ ಆಚೆ ಹೋಗುವವರೆಗೆ ಕಾದ.

"ಎಷ್ಟು ಜನಕ್ಕೆ ಹೇಳಿದಿ?"

"ಒಬ್ಬಳಿಗೆ."

"ಒಬ್ಬಳು ಸಾಕು."

"ನೀವು ಸಾಯುತ್ತಿದ್ದಿರಿ."

"ಹೌದು" ಅಂದ. "ಅದನ್ನೇ ಮಾಡುತ್ತಿದ್ದೆ."

ನಾಲ್ಕು ಗಂಟೆ ಟಿವಿಯಲ್ಲಿ ಕುದುರೆಗಳು ಓಡಿದವು. ಎದ್ದು ಹೋಗುವಾಗ ಗ್ರೇಸ್‌ಗೆ ನನಗೆ ಕೇಳಿಸುವಂತೆಯೇ ಹೇಳಿದ: "ನನಗೆ ಬೇರೆ ದಿವಸ ಕೊಡಿ." ಸೋಮವಾರದ ಪಾಳಿಗೆ ಹಾಕಿದರು.

ಲವೀನಾ, "ಮಮ್ಮಿ, ಯೂ ಸೇವ್ಡ್ ಹಿಸ್ ಲೈಫ್" ಅಂದಳು, ಸಮಾಧಾನಕ್ಕೆ. ನಾನು ಅವಳನ್ನು ನೋಡಿದೆ. ಅವಳ ಕಿಡ್ನಿ ನನಗೆ ಬೇಡವೆಂದಾಗ ಯಾರೂ ನನ್ನ ಹಿಂದಿನಿಂದ ಹೋಗಿ ಏನೂ ಮಾಡಲಿಲ್ಲ. ನನ್ನ ಬೇಡಕ್ಕೆ ಸಿಕ್ಕ ಮರ್ಯಾದೆ ಅವನ ಬೇಡಕ್ಕೆ ಸಿಗಲಿಲ್ಲ, ಕೊಡದಿದ್ದವಳು ನಾನು. ಇದನ್ನು ಅವಳಿಗೆ ಯಾವ ಭಾಷೆಯಲ್ಲಿ ಹೇಳಬೇಕೆಂದು ತಿಳಿಯಲಿಲ್ಲ. ಶಾಂತಾಬಾಯಿಯ ಮುಂದೆ ಅಳುವುದನ್ನು ಅವರೇ ಮುಂಚಿತವಾಗಿ ನಿಷೇಧಿಸಿದ್ದರು. ಅವರು ಒಂದು ವಾರ ದಿನವೂ ಮೇಲೆ ಬಂದು, ಏನೂ ಕೇಳದೆ, ಟಿವಿ ನೋಡಿಕೊಂಡು ಹೋದರು.

ಪಕ್ಕದ ಕುರ್ಚಿಗೆ ಬಂದವರು ನಾಲ್ಕು ಗಂಟೆಯೂ ನಿದ್ದೆ ಮಾಡುತ್ತಿದ್ದರು. ನಾನು ಮಷೀನು ನೋಡುವುದನ್ನು ಕಲಿತೆ.

ಟಾಮ್ ಒಂದೂವರೆ ವರ್ಷ ಬದುಕಿದ. ಆ ಅವಧಿಯಲ್ಲಿ ಒಮ್ಮೆ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಎದುರಾದ, ಗಾಲಿಕುರ್ಚಿಯಲ್ಲಿ, ಒಗೆದ ಅಂಗಿ, ಕ್ಷೌರ ಮಾಡಿದ ಮುಖ. ಸಾಲಿನಲ್ಲಿದ್ದವರಿಗೆಲ್ಲ ಟೋಪಿ ಎತ್ತಿದ. ನನ್ನ ಹತ್ತಿರ ಬರುವಾಗ ಕೈ ಕೆಳಗಿತ್ತು. ಅವನ ಹೊಸ ಮನೆಗೆ ಒಂದು ಮೆಟ್ಟಿಲೂ ಇಲ್ಲ, ಮಿನಿಬಸ್ಸಿನವರು ಒಳಗೆ ಹೋಗಿ ಕರೆತರುತ್ತಾರೆ ಎಂದು ಊನಾ ಹೇಳುತ್ತಿದ್ದಳು. ನನ್ನ ಹೆಸರು ಅವಳ ಪಟ್ಟಿಯಲ್ಲಿ ಇಲ್ಲದಿದ್ದರೂ ಅವಳು ತಿಂಗಳಿಗೊಮ್ಮೆ ಟೀಗೆ ಬರುತ್ತಿದ್ದಳು, ತನ್ನ ಸ್ವಂತ ಹೊತ್ತಿನಲ್ಲಿ. "ಅವನು ನನ್ನನ್ನು ಕೇಳುತ್ತಾನಾ?" ಎಂದು ಒಂದೇ ಸಲ ಕೇಳಿದೆ. ಅವಳು ಬಿಸ್ಕತ್ತು ಮುರಿದು ಅರ್ಧವನ್ನು ನನ್ನ ತಟ್ಟೆಗೆ ಹಾಕಿದಳು.

ಒಂದು ಸೋಮವಾರ ಬೆಳಿಗ್ಗೆ ಮಿನಿಬಸ್ಸಿನವರು ಹೋದಾಗ ಅವನು ಶೂ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತೇ ಇದ್ದನಂತೆ. ಹೃದಯ.

ಶುಕ್ರವಾರ ಅಂತ್ಯಕ್ರಿಯೆ, ನನಗೆ ಡಯಾಲಿಸಿಸ್ ಇಲ್ಲದ ದಿನ. ಊನಾ ನನ್ನನ್ನು ಕರೆದುಕೊಂಡು ಹೋದಳು. ಅವನ ಜೊತೆ ಅಗೆದಿದ್ದ ಆರೇಳು ಮುದುಕರು, ಸೆಂಟರಿನ ಊಟದ ಗೆಳೆಯರು, ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಪಾದ್ರಿ ಪ್ರಮಾಣಪತ್ರದಲ್ಲಿದ್ದ ಹೆಸರನ್ನು ಓದಿ ಪ್ರಾರ್ಥನೆ ಶುರುಮಾಡಿದಾಗ ಒಬ್ಬ ಇನ್ನೊಬ್ಬನಿಗೆ ಪಿಸುಗುಟ್ಟಿದ: "ಅದು ಯಾರು? ನಾವು ಬೇರೆ ಯಾರದ್ದಕ್ಕೋ ಬಂದೆವಾ?"

"ಕೂತುಕೋ" ಅಂದ ಇನ್ನೊಬ್ಬ. "ಇವನೂ ಸತ್ತವನೇ ತಾನೆ."

ಮುಂದಿನ ಬೆಂಚಿನಲ್ಲಿ ಒಬ್ಬ ಸಣ್ಣ ಹೆಂಗಸು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು. ಪೂಜೆ ಮುಗಿದ ಮೇಲೆ ಬಾಗಿಲ ಬಳಿ ನೇರ ನನ್ನ ಹತ್ತಿರ ಬಂದಳು.

"ನೀವೇನಾ ಆ ಇಂಡಿಯನ್?"

ಹೌದೆಂದೆ.

ಅವಳು ಟಾಮ್‌ನ ತಂಗಿ. ಎಷ್ಟೋ ವರ್ಷದ ಮೇಲೆ ಅಣ್ಣ ಬದುಕಿದ್ದಾನೆಂದು ಊನಾಳ ಸೆಂಟರಿನಿಂದ ತಿಳಿದು ಹೊರಟು ಬರುತ್ತೇನೆಂದು ಬರೆದಿದ್ದಳು. ಅವನು ಒಂದೇ ಒಂದು ಕಾಗದ ಬರೆದ. ಅದರಲ್ಲಿದ್ದದ್ದನ್ನು ಅವಳು ಬಾಯಿಪಾಠ ಮಾಡಿದ್ದಳು: ಬರಬೇಡ, ನನ್ನನ್ನು ಈಗ ನೋಡಬೇಡ, ಊಟಕ್ಕೆ ತೊಂದರೆ ಇಲ್ಲ, ಇಲ್ಲಿ ಒಬ್ಬಳು ಇಂಡಿಯನ್ ಹೆಂಗಸಿಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ, ಆದಕಾರಣ ಈ ಕಾಗದ.

"ಅವನು ನನ್ನನ್ನು ಕ್ಷಮಿಸಲಿಲ್ಲ" ಅಂದೆ.

"ಕ್ಷಮಿಸುವ ಜಾತಿಯಲ್ಲ ನಮ್ಮದು" ಅಂದಳು. ಹಿಂದಿನ ಬೆಂಚಿನ ಮುದುಕರು ಹೊರಗೆ ಬಂದು ಸಿಗರೇಟು ಹಚ್ಚುತ್ತಿದ್ದರು. ಅವಳು ಅವರ ಕಡೆ ನೋಡಿದಳು. "ಅವರೆಲ್ಲ ಇವನನ್ನು ಬೇರೆ ಏನೋ ಕರೆಯುತ್ತಿದ್ದಾರೆ. ಏನದು?"

"ಟಾಮ್."

"ಟಾಮ್?"

"ಇಲ್ಲಿ ನಲವತ್ತು ವರ್ಷವೂ ಅವನು ಟಾಮ್."

ಅವಳು ಬಾಯಿಗೆ ಕೈ ಇಟ್ಟುಕೊಂಡಳು. ನಗು ಎಂದು ನನಗೆ ಮೊದಲು ತಿಳಿಯಲಿಲ್ಲ.

"ಟಾಮ್ ನಮ್ಮ ಕತ್ತೆ" ಅಂದಳು. "ಅವನು ಊರು ಬಿಟ್ಟ ದಿನ ಅವನ ಪೆಟ್ಟಿಗೆಯನ್ನು ಸ್ಟೇಷನ್ನಿಗೆ ಎಳೆದದ್ದು ಅದೇ. ನಾನು ಗಾಡಿಯಲ್ಲಿ ಹಿಂದೆ ಕೂತಿದ್ದೆ. ನನಗೆ ಅವನು ಏನೂ ಹೇಳಲಿಲ್ಲ. ಕತ್ತೆಯ ಕಿವಿಯಲ್ಲಿ ಏನೋ ಹೇಳಿ ರೈಲು ಹತ್ತಿದ."

ನಗುತ್ತಲೇ ಇದ್ದಳು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಬೀಳುತ್ತೇನೆಂದು ಅನಿಸಿತೇನೋ, ನನ್ನ ಎಡತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದು ಸೂಜಿಯ ತೋಳು. ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ಆ ತೋಳನ್ನು ಯಾರೂ ಒತ್ತಬಾರದು, ವಾಚೂ ಕಟ್ಟಬಾರದು. ಅದರಲ್ಲಿ ರಕ್ತ ನಿಂತರೆ ನಾನು ನಿಂತಂತೆ. ಅವಳಿಗೆ ಅದು ಗೊತ್ತಿರಲಿಲ್ಲ. ಅವಳು ತಾನಾಗಿ ಬಿಡುವವರೆಗೆ ನಾನು ಬಿಡಿಸಿಕೊಳ್ಳಲಿಲ್ಲ.

ಮರುದಿನ ಶನಿವಾರ. ಗ್ರೇಸ್ ನನ್ನ ತೋಳಿನ ತುಂಬ ಬೆರಳುಗಳ ನೀಲಿ ಗುರುತು ನೋಡಿ, ಕಿವಿಯಿಟ್ಟು ರಕ್ತದ ಸದ್ದು ಇದೆಯೇ ಎಂದು ಕೇಳಿ, ಇದೆ ಎಂದು ಖಾತ್ರಿಯಾದ ಮೇಲೆ ಚೆನ್ನಾಗಿ ಬೈದಳು. ಯಾರು ಹೀಗೆ ಹಿಡಿದದ್ದು, ಹೇಳಿ, ಫೈಲಿನಲ್ಲಿ ಬರೆಯಬೇಕು ಅಂದಳು.

ನಾನು ಹೇಳಲಿಲ್ಲ.